ಗಾಳದ ರಾಟೆ ತಿರುಗಿಸಿದ ನಲವತ್ತು ಮಕ್ಕಳು

ಕ್ರೀಡಾ ಮನೋವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಬಹುಪಾಲು ಒಂದೇ ಹೆಸರಿನಿಂದ ಶುರುವಾಗುತ್ತವೆ: ನಾರ್ಮನ್ ಟ್ರಿಪ್ಲೆಟ್. 1898ರ ಜುಲೈನಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಸೈಕಾಲಜಿ’ಯಲ್ಲಿ ಈತನ ಲೇಖನವೊಂದು ಅಚ್ಚಾಯಿತು. ಮುಂದೆ ಓಡುವವನೊಬ್ಬನಿದ್ದರೆ, ಪಕ್ಕದಲ್ಲಿ ಎದುರಾಳಿಯಿದ್ದರೆ ಮನುಷ್ಯನ ವೇಗ ಏಕೆ ಹೆಚ್ಚುತ್ತದೆ ಎಂಬುದು ಅದರ ವಿಷಯ. ಬರೆದವನು ಪ್ರಾಧ್ಯಾಪಕನಲ್ಲ, ಇಂಡಿಯಾನಾ ವಿಶ್ವವಿದ್ಯಾಲಯದ ಎಂ.ಎ. ವಿದ್ಯಾರ್ಥಿ. ಪದವಿಗಾಗಿ ಮಾಡಿದ ಕೆಲಸವೇ ಲೇಖನವಾಗಿ, ಇಪ್ಪತ್ತೇಳು ಪುಟಗಳಲ್ಲಿ ಮುಗಿದಿತ್ತು. ವಿದ್ಯಾರ್ಥಿ ಎಂದರೆ ಎಳೆಯನೇನೂ ಅಲ್ಲ. 1861ರಲ್ಲಿ ಹುಟ್ಟಿದ ಟ್ರಿಪ್ಲೆಟ್‌ಗೆ ಆಗ ಮೂವತ್ತಾರು ದಾಟಿತ್ತು. ಪ್ರಯೋಗಾಲಯದಲ್ಲಿ ದಾರಿ ತೋರಿದವರು ವಿಲಿಯಂ ಲೋ ಬ್ರಯನ್ ಮತ್ತು ಜಾನ್ ಬರ್ಗ್‌ಸ್ಟ್ರಾಮ್.

ಆ ದಶಕದಲ್ಲಿ ಅಮೆರಿಕದ ಊರೂರಿಗೂ ಸೈಕಲ್ ಹುಚ್ಚು ಹಿಡಿದಿತ್ತು. ಪಂದ್ಯಗಳಲ್ಲಿ ಹಲವು ಬಗೆ. ಸವಾರ ಒಬ್ಬನೇ ಗಡಿಯಾರದ ವಿರುದ್ಧ ಓಡಿಸುವುದು ಒಂದು. ಮುಂದೆ ಹಲವರು ತುಳಿಯುವ ಉದ್ದನೆಯ ಸೈಕಲ್ಲೊಂದು ವೇಗ ಕೊಡುತ್ತ ಸಾಗಿದರೆ, ಅದರ ಬೆನ್ನು ಹಿಡಿದು ಗಡಿಯಾರದ ವಿರುದ್ಧ ಓಡುವುದು ಇನ್ನೊಂದು. ಹಾಗೆ ವೇಗ ಕೊಡುವವರ ಹಿಂದೆಯೇ ಎದುರಾಳಿಗಳೂ ಸೆಣಸುವುದು ಮತ್ತೊಂದು. ಟ್ರಿಪ್ಲೆಟ್‌ನ ಆಸಕ್ತಿ ಕೆರಳಿದ್ದು ಇಲ್ಲಿ. ಪಂದ್ಯ ನೋಡುವವರಿಗೆಲ್ಲ ಗೊತ್ತಿದ್ದ ಸಂಗತಿಯನ್ನು ಆತ ಲೆಕ್ಕದ ಪ್ರಶ್ನೆಯಾಗಿಸಿದ. ಅದಕ್ಕೆ ಬೇಕಾದ ಅಂಕಿಅಂಶ ಆಗಲೇ ಸಿದ್ಧವಿತ್ತು. ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್ ಎಂಬ ಸಂಘದ ಪಂದ್ಯ ಮಂಡಳಿ 1897ರ ಋತುವಿನ ಕೊನೆಯವರೆಗಿನ ಅಧಿಕೃತ ದಾಖಲೆಗಳನ್ನು ಇಟ್ಟುಕೊಂಡಿತ್ತು. ಇಪ್ಪತ್ತೈದು ಮೈಲಿಯವರೆಗಿನ ದಾಖಲೆಗಳ ಸರಾಸರಿ ತೆಗೆದಾಗ ಒಂಟಿ ಸವಾರನಿಗೆ ಮೈಲಿಗೆ 2 ನಿಮಿಷ 29.9 ಸೆಕೆಂಡು, ವೇಗ ಕೊಡುವವರಿದ್ದರೆ 1 ನಿಮಿಷ 55.5 ಸೆಕೆಂಡು, ಜೊತೆಗೆ ಸ್ಪರ್ಧೆಯೂ ಇದ್ದರೆ 1 ನಿಮಿಷ 50.35 ಸೆಕೆಂಡು ಬಂತು. ಮೊದಲೆರಡರ ನಡುವಿನ 34.4 ಸೆಕೆಂಡು ಬಹು ದೊಡ್ಡ ಅಂತರ. ಸ್ಪರ್ಧೆಯಿಂದ ಸಿಕ್ಕ ಹೆಚ್ಚುವರಿ ಲಾಭ ಐದು ಸೆಕೆಂಡಿನಷ್ಟೇ.

ಈ ಅಂಕಿಗಳನ್ನು ನೆಚ್ಚಿ ಕೂರುವಂತಿಲ್ಲ. ಒಂಟಿಯಾಗಿ ಓಡಿದವರೇ ಗುಂಪಿನಲ್ಲೂ ಓಡಿದವರಲ್ಲ. ಯಾರಿಗೆ ಯಾವ ಬಗೆ ಒಗ್ಗುತ್ತದೋ ಅವರು ಅದನ್ನೇ ಆರಿಸಿಕೊಂಡಿರುತ್ತಾರೆ. ಮುಂದಿನವನ ಹಿಂದೆ ಗಾಳಿಯ ತಡೆಯೂ ಕಡಿಮೆ. ಹಾಗಾಗಿ ಕಾರಣ ಒಂದೇ ಎನ್ನುವಂತಿರಲಿಲ್ಲ. ಆ ಕಾಲದಲ್ಲಿ ಓಡಾಡುತ್ತಿದ್ದ ವಿವರಣೆಗಳನ್ನೆಲ್ಲ ಟ್ರಿಪ್ಲೆಟ್ ಒಂದೆಡೆ ಸೇರಿಸಿದ್ದಾನೆ. ಈಗಲೂ ಓದಲು ಅದು ಸೊಗಸಾದ ಭಾಗ. ಮುಂದಿನ ಸೈಕಲ್ಲು ಹಿಂದಿನದನ್ನು ಗಾಳಿಯ ಸೆಳೆತದಿಂದ ಎಳೆಯುತ್ತದೆ ಎಂದು ಕೆಲವರು ಹೇಳಿದರೆ, ಅದು ಬರೀ ಮರೆ ಕೊಡುತ್ತದೆ ಎಂದು ಕೆಲವರು. ಗೆಳೆಯನ ಇರವಿನಿಂದ ಧೈರ್ಯ ಬರುತ್ತದೆ ಎಂಬುದು ಒಂದು ವಾದ. ಮುಂದಿರುವವನು ‘ಸಾಕಷ್ಟು ಜೋರಾಗಿ ಓಡುತ್ತಿದ್ದೇನೆಯೇ’ ಎಂಬ ಚಿಂತೆಯಲ್ಲೇ ಸೊರಗುತ್ತಾನೆ, ಹಿಂದಿನವನಿಗೆ ಆ ತಲೆಬಿಸಿಯಿಲ್ಲ ಎಂಬುದು ಮತ್ತೊಂದು. ಮುಂದೆ ತಿರುಗುವ ಚಕ್ರವನ್ನೇ ದಿಟ್ಟಿಸುತ್ತ ಸವಾರ ಸಮ್ಮೋಹನಕ್ಕೆ ಒಳಗಾಗುತ್ತಾನೆ ಎಂದವರೂ ಇದ್ದರು! ಇವೆಲ್ಲಕ್ಕೂ ಒಂದಿಷ್ಟು ಜಾಗ ಬಿಟ್ಟು ಟ್ರಿಪ್ಲೆಟ್ ತನ್ನದೊಂದನ್ನು ಮುಂದಿಟ್ಟ. ಇನ್ನೊಬ್ಬ ಸ್ಪರ್ಧಿಯ ಇರವು, ಅವನ ಚಲನೆಯ ನೋಟ, ಸಾಮಾನ್ಯವಾಗಿ ಹೊರಬರದ ಶಕ್ತಿಯನ್ನು ಬಿಡುಗಡೆ ಮಾಡುತ್ತದೆ ಎಂಬುದು ಅದು.

ಇದನ್ನು ಪರೀಕ್ಷಿಸಲು ಗಾಳಿ, ಮರೆ, ಚಕ್ರ ಮೂರೂ ಇಲ್ಲದ ಕೆಲಸವೊಂದು ಬೇಕಿತ್ತು. ಟ್ರಿಪ್ಲೆಟ್ ಮೀನು ಹಿಡಿಯುವ ಗಾಳದ ಎರಡು ರಾಟೆಗಳನ್ನು ಕವಲೊಡೆದ ಚೌಕಟ್ಟಿಗೆ ಕೂರಿಸಿ ಭಾರದ ಮೇಜಿಗೆ ಬಿಗಿದ. ಎರಡು ಮೀಟರ್ ಆಚೆ ಗಡಗಡೆಗಳು. ರಾಟೆಯಿಂದ ಗಡಗಡೆಗೆ ರೇಷ್ಮೆ ದಾರದ ಕುಣಿಕೆ, ದಾರಕ್ಕೆ ಹೊಲಿದ ಪುಟ್ಟ ಬಾವುಟ. ಹಿಡಿ ತಿರುಗಿಸಿದರೆ ಬಾವುಟ ಓಡುತ್ತದೆ. ಅದು ನಾಲ್ಕು ಮೀಟರಿನ ಸುತ್ತನ್ನು ನಾಲ್ಕು ಬಾರಿ ಮುಗಿಸಿದರೆ ಒಂದು ಓಟ. ಅದಕ್ಕೆ ರಾಟೆಯನ್ನು ಸುಮಾರು ನೂರೈವತ್ತು ಸಲ ತಿರುಗಿಸಬೇಕಾಗುತ್ತಿತ್ತು. ಆಯಾಸ ಬೆರೆಯದಿರಲೆಂದು ಓಟಗಳ ನಡುವೆ ಐದು ನಿಮಿಷ ಬಿಡುವು. ಎಲ್ಲ ವಯಸ್ಸಿನವರೂ ಸೇರಿ ಇನ್ನೂರಕ್ಕೂ ಹೆಚ್ಚು ಮಂದಿ ಈ ಯಂತ್ರ ತಿರುಗಿಸಿದರು. ಆದರೆ ಪ್ರಬಂಧದ ಮುಖ್ಯ ಕೋಷ್ಟಕಗಳು ನಲವತ್ತು ಮಕ್ಕಳದ್ದು.

ಪ್ರಯೋಗದ ವಿನ್ಯಾಸದಲ್ಲಿ ಒಂದು ಜಾಣತನವಿದೆ. ಒಂದೇ ಮಗು ಒಮ್ಮೆ ಒಂಟಿಯಾಗಿ, ಒಮ್ಮೆ ಜೋಡಿಯಾಗಿ ತಿರುಗಿಸಿದರೆ ಎರಡನೆಯದು ಹೇಗೂ ಚುರುಕಾಗಿರುತ್ತದೆ, ಅಭ್ಯಾಸ ಆಗಿರುತ್ತದಲ್ಲ. ಅದಕ್ಕಾಗಿ ಮಕ್ಕಳನ್ನು ಇಪ್ಪತ್ತು ಇಪ್ಪತ್ತರ ಎರಡು ಗುಂಪು ಮಾಡಿ, ಒಂಟಿ ಓಟ ಮತ್ತು ಸ್ಪರ್ಧೆಯ ಸರದಿಯನ್ನು ಎರಡಕ್ಕೂ ಬೇರೆ ಬೇರೆ ಮಾಡಲಾಯಿತು. ಇಂದು ಸಂಶೋಧನಾ ವಿಧಾನದ ತರಗತಿಯಲ್ಲಿ ಸರದಿ ಸಮತೋಲನ ಎಂದು ಕಲಿಸುವ ಉಪಾಯದ ಒಂದು ಎಳೆಯ ರೂಪ ಇದು. ಅದು ಹದವಾಗಿ ಬೆಳೆದಿರಲಿಲ್ಲ ಎಂಬುದೂ ನಿಜ.

ಫಲಿತಾಂಶವನ್ನು ಪಠ್ಯಪುಸ್ತಕಗಳು ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತವೆ: ಜೊತೆಯಲ್ಲಿ ಇನ್ನೊಬ್ಬರಿದ್ದರೆ ಮಕ್ಕಳು ವೇಗವಾಗಿ ತಿರುಗಿಸಿದರು. ಮೂಲ ಪ್ರಬಂಧ ಹಾಗೆ ಹೇಳುವುದಿಲ್ಲ. ನಲವತ್ತರಲ್ಲಿ ಇಪ್ಪತ್ತು ಮಕ್ಕಳ ವೇಗ ಸ್ಪರ್ಧೆಯಿಂದ ಹೆಚ್ಚಿತು. ಹತ್ತು ಮಕ್ಕಳ ಮೇಲೆ ಹೆಚ್ಚೇನೂ ಪರಿಣಾಮವಾಗಲಿಲ್ಲ. ಉಳಿದ ಹತ್ತು ಮಕ್ಕಳು ನಿಧಾನವಾದರು. ಎದುರಾಳಿಯನ್ನು ಕಂಡೊಡನೆ ಅವರ ಮುಖ ಕೆಂಪಾಗಿ, ಉಸಿರು ಬಿಗಿಯಾಗಿ, ತೋಳಿನ ಸ್ನಾಯು ಸೆಟೆದು, ಕೈ ಓಡಬೇಕಾದಾಗಲೇ ತೊಡರಿತು. ಈ ಹತ್ತು ಮಕ್ಕಳೇ ಪ್ರಬಂಧದ ಅತಿ ಬೆಲೆಬಾಳುವ ಭಾಗ. ತನ್ನ ಸಿದ್ಧಾಂತಕ್ಕೆ ಎದುರಾಗಿ ನಿಂತ ಅವರನ್ನು ಟ್ರಿಪ್ಲೆಟ್ ಸರಾಸರಿಯೊಳಗೆ ಮುಳುಗಿಸದೆ ಬೇರೆ ಕೋಷ್ಟಕ ಮಾಡಿ ಅಚ್ಚು ಹಾಕಿಸಿದ. ಪ್ರತಿ ಮಗುವಿನ ಒಂದೊಂದು ಓಟದ ಸಮಯವನ್ನೂ ಕೊಟ್ಟ.

ನಿಧಾನವಾದ ಆ ಹತ್ತು ಮಕ್ಕಳಿಗೆ ವಿವರಣೆ ಸಿಗಲು ಅರುವತ್ತೇಳು ವರ್ಷ ಬೇಕಾಯಿತು. 1924ರಲ್ಲಿ ಫ್ಲಾಯ್ಡ್ ಆಲ್‌ಪೋರ್ಟ್ ಈ ವಿದ್ಯಮಾನಕ್ಕೆ ಸಾಮಾಜಿಕ ಉತ್ತೇಜನ ಎಂಬ ಅರ್ಥದ ಹೆಸರಿಟ್ಟಿದ್ದ. ಆಮೇಲೆ ಕೆಲವು ಪ್ರಯೋಗಗಳಲ್ಲಿ ಇತರರ ಇರವು ಉಪಕಾರ ಮಾಡಿತು, ಕೆಲವುದರಲ್ಲಿ ಕೆಡಿಸಿತು. ಇವನ್ನು ಹೊಂದಿಸಲಾಗದೆ ಕ್ಷೇತ್ರವೇ ಬಹುಕಾಲ ತಣ್ಣಗಾಯಿತು. 1965ರಲ್ಲಿ ರಾಬರ್ಟ್ ಜಾಯಂಟ್ಸ್ ‘ಸೈನ್ಸ್’ ಪತ್ರಿಕೆಯಲ್ಲಿ ಗಂಟು ಬಿಡಿಸಿದ. ಇತರರ ಇರವು ಉದ್ರೇಕವನ್ನು ಹೆಚ್ಚಿಸುತ್ತದೆ. ಉದ್ರೇಕ ಹೆಚ್ಚಿದಾಗ ಮನುಷ್ಯ ತನಗೆ ಹೆಚ್ಚು ರೂಢಿಯಾದದ್ದನ್ನೇ ಮಾಡುತ್ತಾನೆ. ಕರಗತವಾದ ಕೆಲಸ ಆಗ ಇನ್ನೂ ಚೆನ್ನಾಗಿ ಆಗುತ್ತದೆ, ಕಲಿಯುತ್ತಿರುವ ಕೆಲಸ ಕೆಡುತ್ತದೆ. ಜಿರಳೆಗಳನ್ನು ಬಿಟ್ಟು ಇದನ್ನು ಪರೀಕ್ಷಿಸಿದಾಗಲೂ, ನೇರ ದಾರಿಯಲ್ಲಿ ಅವು ಜೊತೆಯವರೆದುರು ವೇಗವಾಗಿ ಓಡಿದವು, ತಿರುವಿನ ದಾರಿಯಲ್ಲಿ ತಡಮಾಡಿದವು. 1982ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದರ ಬಿಲಿಯರ್ಡ್ಸ್ ಕೋಣೆಯಲ್ಲಿ ನಾಲ್ವರು ಬಂದು ನಿಂತು ನೋಡತೊಡಗಿದಾಗ, ಪಳಗಿದ ಆಟಗಾರರ ನಿಖರತೆ ಶೇ 71ರಿಂದ 80ಕ್ಕೆ ಏರಿತು, ಹೊಸಬರದ್ದು ಶೇ 36ರಿಂದ 25ಕ್ಕೆ ಇಳಿಯಿತು. ಮರುವರ್ಷ ಚಾರ್ಲ್ಸ್ ಬಾಂಡ್ ಮತ್ತು ಲಿಂಡಾ ಟೈಟಸ್ 241 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದರು. ಇತರರ ಇರವಿನ ಪ್ರಭಾವ ನಿಜ, ಆದರೆ ಪುಟ್ಟದು. ಜನರ ಸಾಧನೆಯ ಏರಿಳಿತದಲ್ಲಿ ಅದರ ಪಾಲು ಶೇ 0.3ರಿಂದ 3ರಷ್ಟು ಮಾತ್ರ ಎಂದು ತಿಳಿಯಿತು.

ಅಷ್ಟು ಪುಟ್ಟ ಪ್ರಭಾವವನ್ನು ನಲವತ್ತು ಮಕ್ಕಳಿಂದ ಹಿಡಿಯುವುದು ಕಷ್ಟ. 2005ರಲ್ಲಿ ಮೈಕೆಲ್ ಸ್ಟ್ರೂಬ್ ಎಂಬ ಮನೋವಿಜ್ಞಾನಿ ಟ್ರಿಪ್ಲೆಟ್‌ನ ಕೋಷ್ಟಕಗಳನ್ನು ಹಾಗೆಯೇ ಎತ್ತಿಕೊಂಡು ಇಂದಿನ ಸಂಖ್ಯಾಶಾಸ್ತ್ರದಿಂದ ಲೆಕ್ಕ ಹಾಕಿದ. ಲೇಖನ ಬಂದದ್ದು ಅದೇ ‘ಅಮೆರಿಕನ್ ಜರ್ನಲ್ ಆಫ್ ಸೈಕಾಲಜಿ’ಯಲ್ಲಿ, ನೂರ ಏಳು ವರ್ಷಗಳ ನಂತರ. ಅಂಕಿಗಳಲ್ಲಿ ಸ್ಪರ್ಧೆಯ ಪ್ರಭಾವದ ಸುಳಿವು ಇದೆಯೋ ಇಲ್ಲವೋ ಎನ್ನುವಷ್ಟಿತ್ತು. ಟ್ರಿಪ್ಲೆಟ್ ಕಣ್ಣಂದಾಜಿನಲ್ಲೇ ತೀರ್ಮಾನಕ್ಕೆ ಬಂದಿದ್ದ. ಅದಕ್ಕೆ ಆತನನ್ನು ದೂರುವಂತಿಲ್ಲ. ಚಿಕ್ಕ ಮಾದರಿಗಳನ್ನು ಹೋಲಿಸುವ ಟಿ-ಪರೀಕ್ಷೆಯ ತಳಹದಿ ಹಾಕಿದ ವಿಲಿಯಂ ಗಾಸೆಟ್‌ನ ಲೇಖನ ಪ್ರಕಟವಾದದ್ದು 1908ರಲ್ಲಿ. ಡಬ್ಲಿನ್ನಿನ ಬಿಯರ್ ಕಾರ್ಖಾನೆಯ ನೌಕರನಾಗಿದ್ದ ಆತ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಅದನ್ನು ಬರೆದ. ಟ್ರಿಪ್ಲೆಟ್‌ನ ಕೆಲಸಕ್ಕಿದ್ದ ‘ಮೊದಲ ಪ್ರಯೋಗ’ ಎಂಬ ಬಿರುದೂ ಅಲುಗಾಡುತ್ತಿದೆ. ಫ್ರಾನ್ಸಿನಲ್ಲಿ ಫಿಲಿಪ್ ಟಿಸ್ಸಿಯೆ ಸೈಕಲ್ ಸವಾರರನ್ನು, ಯೇಲ್‌ನಲ್ಲಿ ಎಡ್ವರ್ಡ್ ಸ್ಕ್ರಿಪ್ಚರ್ ಕತ್ತಿವರಸೆಯವರನ್ನು ಅದಕ್ಕೆ ಮುಂಚೆಯೇ ಅಧ್ಯಯನ ಮಾಡಿದ್ದರು.

ಹೀಗೆ ತೀರ್ಮಾನ ಸೋತರೂ ಪ್ರಬಂಧ ಸೋಲಲಿಲ್ಲ. ಸ್ವತಂತ್ರವಾಗಿ ಮಾಡಿದ ವಿದ್ಯಾರ್ಥಿ ಸಂಶೋಧನೆಯೊಂದು ಮುಗಿಯಿತು ಎನ್ನುವುದನ್ನು ಸಾಮಾನ್ಯವಾಗಿ ಫಲಿತಾಂಶದಿಂದ ಅಳೆಯುತ್ತಾರೆ. ಊಹೆ ನಿಜವಾಯಿತೇ ಎಂಬುದೇ ಮೌಖಿಕ ಪರೀಕ್ಷೆಯ ಮೊದಲ ಪ್ರಶ್ನೆ. ನಿಜವಾಗದಿದ್ದರೆ ವಿದ್ಯಾರ್ಥಿ ಅಳುಕುತ್ತಾನೆ. ಆ ಅಳುಕಿನಲ್ಲೇ ಹೊಂದದ ಅಂಕಿಗಳು ಅಡಿಗಡಿಗೆ ಕಾಣೆಯಾಗುತ್ತವೆ. ಒಂದು ಸೆಮಿಸ್ಟರಿನಲ್ಲಿ, ಒಂದು ಕಾಲೇಜಿನ ತಂಡದಿಂದ ಸಿಗುವ ಮಾದರಿ ಚಿಕ್ಕದೇ. ಅದರಿಂದ ಕ್ರೀಡಾ ಮನೋವಿಜ್ಞಾನದ ದೊಡ್ಡ ಪ್ರಶ್ನೆ ಬಗೆಹರಿಯುವ ಸಂಭವ ಕಡಿಮೆ. ಆದರೆ ನೇರವಾದ ಪ್ರಶ್ನೆ, ಹೇಗೆ ಅಳೆದೆ ಎಂಬುದರ ಪೂರ್ತಿ ವಿವರ, ಬಂದ ಅಂಕಿಗಳೆಲ್ಲ ಇದ್ದರೆ ಆ ಕೆಲಸವನ್ನು ಇನ್ನೊಬ್ಬರು ಎತ್ತಿಕೊಳ್ಳಬಹುದು.

ಇಂದಿನ ವಿದ್ಯಾರ್ಥಿಗೆ ಅನುಕೂಲಗಳು ಹೆಚ್ಚು, ಅದರಿಂದ ಬರುವ ಸೋಮಾರಿತನವೂ ಹೆಚ್ಚು. ರೇನರ್ ಮಾರ್ಟೆನ್ಸ್ 1977ರಲ್ಲಿ ರೂಪಿಸಿದ ಸ್ಪರ್ಧಾ ಆತಂಕದ ಮಾಪಕ ಹದಿನೈದು ಪ್ರಶ್ನೆಗಳದ್ದು. ಅದರಲ್ಲಿ ಐದು ಲೆಕ್ಕಕ್ಕಿಲ್ಲದ ತುಂಬು ಪ್ರಶ್ನೆಗಳು. ತಂಡಕ್ಕೆ ಹಂಚಿ ಅರ್ಧ ಗಂಟೆಯಲ್ಲಿ ವಾಪಸು ಪಡೆಯಬಹುದು. ಇಂಥ ಮಾಪಕ ಒಳ್ಳೆಯದೇ. ಆದರೆ ಕಬಡ್ಡಿಯವರ ಆತಂಕ ಹೆಚ್ಚೋ ಖೋಖೋದವರದ್ದು ಹೆಚ್ಚೋ ಎಂದು ಎರಡು ಸರಾಸರಿ ಹೋಲಿಸಿ ಮುಗಿಸುವ ಪ್ರಬಂಧದಲ್ಲಿ ಆಟವೇ ಇರುವುದಿಲ್ಲ. ಹದಿನೆಂಟು ತುಂಬದವರನ್ನು ಸೇರಿಸಿಕೊಂಡರೆ ಪಾಲಕರ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯನ್ನೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಕೇಳುತ್ತದೆ. ಅದು ಕಿರಿಕಿರಿ ಎನಿಸಿದರೂ ಬೇಕಾದದ್ದು.

ಟ್ರಿಪ್ಲೆಟ್‌ನ ದಾರಿ ಕರ್ನಾಟಕದಲ್ಲೂ ತೆರೆದಿದೆ. ಪ್ರೊ ಕಬಡ್ಡಿ ಲೀಗಿನ ಎಂಟನೇ ಆವೃತ್ತಿ 2021ರ ಡಿಸೆಂಬರಿನಿಂದ 2022ರ ಫೆಬ್ರುವರಿವರೆಗೆ ಪೂರ್ತಿಯಾಗಿ ಬೆಂಗಳೂರಿನ ವೈಟ್‌ಫೀಲ್ಡ್‌ನ ಹೋಟೆಲೊಂದರಲ್ಲಿ, ಕೋವಿಡ್ ಕಾರಣಕ್ಕೆ ಪ್ರೇಕ್ಷಕರಿಲ್ಲದೆ ನಡೆಯಿತು. ಅದರ ಹಿಂದಿನ ಮತ್ತು ಮುಂದಿನ ಆವೃತ್ತಿಗಳಲ್ಲಿ ಪ್ರೇಕ್ಷಕರಿದ್ದರು. ಸತತ ಎರಡು ದಾಳಿ ಬರಿದಾದರೆ ಮೂರನೆಯದು ‘ಡು ಆರ್ ಡೈ’: ಮೂವತ್ತು ಸೆಕೆಂಡಿನೊಳಗೆ ಅಂಕ ತರಬೇಕು, ಇಲ್ಲವೇ ಹೊರಗೆ. ಜನರ ಕೂಗಿಲ್ಲದಾಗ ಆ ಮೂರನೆಯ ದಾಳಿ ಹೆಚ್ಚು ಸಫಲವಾಯಿತೇ? ಪಳಗಿದ ರೇಡರ್‌ಗೂ ಹೊಸಬನಿಗೂ ವ್ಯತ್ಯಾಸ ಕಂಡಿತೇ? ಪಂದ್ಯಗಳ ದೃಶ್ಯವಿದೆ, ಅಂಕಪಟ್ಟಿಯಿದೆ. ಆಟಗಾರರನ್ನು ಮುಟ್ಟುವ ಅಗತ್ಯವೂ ಇಲ್ಲ. ವೀಲ್‌ಮೆನ್ ದಾಖಲೆಗಿದ್ದ ತೊಡಕುಗಳು ಇಲ್ಲೂ ಇವೆ. ಆವೃತ್ತಿಯಿಂದ ಆವೃತ್ತಿಗೆ ತಂಡಗಳು ಬದಲಾದವು, ಅಂಗಳ ಒಂದೇ ಆಗಿತ್ತು, ಆಟಗಾರರು ತಿಂಗಳುಗಟ್ಟಲೆ ಬಯೋಬಬಲ್‌ನೊಳಗಿದ್ದರು. ಅವನ್ನೆಲ್ಲ ಬರೆದಿಟ್ಟು ಮಾಡಿದ ಲೆಕ್ಕ ಪದವಿ ಪ್ರಬಂಧಕ್ಕೆ ಧಾರಾಳ ಸಾಕು.

ಟ್ರಿಪ್ಲೆಟ್ ಮತ್ತೆ ಕ್ರೀಡೆಯ ಸಂಶೋಧನೆಗೆ ಮರಳಲಿಲ್ಲ. 1900ರಲ್ಲಿ ಕ್ಲಾರ್ಕ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದದ್ದು ಜಾದೂಗಾರರ ಕಣ್ಕಟ್ಟಿನ ಮನೋವಿಜ್ಞಾನದ ಮೇಲೆ. ಆಮೇಲೆ ಕನ್ಸಾಸ್‌ನ ಎಂಪೋರಿಯಾದ ಶಿಕ್ಷಕರ ಕಾಲೇಜಿನಲ್ಲಿ 1931ರಲ್ಲಿ ನಿವೃತ್ತನಾಗುವವರೆಗೆ ಪಾಠ ಹೇಳಿದ. ಕ್ರೀಡಾ ಮನೋವಿಜ್ಞಾನಕ್ಕೆ ಸ್ವಂತ ಪ್ರಯೋಗಾಲಯ ಕಟ್ಟಿದ್ದು ಇಲಿನಾಯ್ ವಿಶ್ವವಿದ್ಯಾಲಯದ ಕೋಲ್ಮನ್ ಗ್ರಿಫಿತ್, 1925ರಲ್ಲಿ. ಆತನೂ 1918ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲೆ ಅನೌಪಚಾರಿಕ ಅಧ್ಯಯನ ಶುರುಮಾಡಿದ್ದವನು. 1898ರ ಲೇಖನದ ಮೇಲೆ ಈಗ ಯಾರ ಹಕ್ಕುಸ್ವಾಮ್ಯವೂ ಇಲ್ಲ. ಸಂಖ್ಯಾಶಾಸ್ತ್ರದ ಮೊದಲ ಪಾಠ ಮುಗಿಸಿದ ಯಾವ ವಿದ್ಯಾರ್ಥಿಯೂ ಆ ನಲವತ್ತು ಮಕ್ಕಳ ಸಮಯಗಳನ್ನು ಕಂಪ್ಯೂಟರಿಗೆ ಹಾಕಿ, ಸ್ಟ್ರೂಬ್ ಹೇಳಿದ್ದು ಸರಿಯೇ ಎಂದು ಒಂದು ಸಂಜೆಯಲ್ಲಿ ತಾನೇ ನೋಡಿಕೊಳ್ಳಬಹುದು.