ತೆಗೆದದ್ದು ಹಾಡನ್ನೋ, ಹಾಡಿದವರನ್ನೋ?

2025ರ ಮೇ 8ರಂದು ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಒಂದು ಸೂಚನೆ ಹೊರಡಿಸಿತು. ಪಾಕಿಸ್ತಾನ ಮೂಲದ ಸಿನಿಮಾ, ಧಾರಾವಾಹಿ, ಹಾಡು, ಪಾಡ್‌ಕಾಸ್ಟ್ ಯಾವುದೂ ನಮ್ಮ ಒಟಿಟಿ, ಸ್ಟ್ರೀಮಿಂಗ್ ವೇದಿಕೆಗಳಲ್ಲಿ ಇರಕೂಡದು. ಪಹಲ್ಗಾಮ್ ಹತ್ಯೆಯಾಗಿ ಎರಡು ವಾರ ಕಳೆದಿತ್ತಷ್ಟೆ, ತಕರಾರು ತೆಗೆಯುವ ಹೊತ್ತಲ್ಲ. ನಾನೂ ತೆಗೆಯಲಿಲ್ಲ. ಆದರೆ ಒಂದು ಚಿಲ್ಲರೆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು: ಹಿಂದೂಸ್ತಾನಿ ಗಾಯಕಿ ರೋಶನ್ ಆರಾ ಬೇಗಂ ಯಾವ ಕಡೆ ಬೀಳುತ್ತಾರೆ?

ಹುಟ್ಟಿದ್ದು ಕಲಕತ್ತೆ. ಕಲಿತದ್ದು ಅಬ್ದುಲ್ ಕರೀಂ ಖಾನರ ಹತ್ತಿರ. ಹೆಸರು ಮಾಡಿದ್ದು ಮುಂಬಯಿ. 1948ರಲ್ಲಿ ಪೊಲೀಸ್ ಅಧಿಕಾರಿ ಗಂಡನ ಜೊತೆ ಪಾಕಿಸ್ತಾನದ ಪಂಜಾಬಿನ ಲಾಲಾಮೂಸಾ ಎಂಬ ಸಣ್ಣ ಊರಿಗೆ ಹೋದರು. 1982ರಲ್ಲಿ ತೀರಿಕೊಂಡದ್ದೂ ಆ ದೇಶದಲ್ಲೇ.

*

ಹುಬ್ಬಳ್ಳಿ ಹತ್ತಿರದ ನವನಗರದಲ್ಲಿ ಕೂತವನಿಗೆ ಲಾಲಾಮೂಸಾದ ಉಸಾಬರಿ ಯಾಕೆ ಎಂದರೆ, ಅದೇ ಅಬ್ದುಲ್ ಕರೀಂ ಖಾನರು ನಮ್ಮ ಕಡೆ ಬಂದು ಕುಂದಗೋಳದ ರಾಮಭಾವುಗೆ ಕಲಿಸಿದರು. ರಾಮಭಾವು ಸವಾಯಿ ಗಂಧರ್ವರಾದರು. ಅವರ ಹತ್ತಿರ ಪಾಠಕ್ಕೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗುತ್ತಿದ್ದರು. ಗಂಗೂಬಾಯಿಯವರ ಹೆಸರಿನ ಗುರುಕುಲ ಈಗ ಇಲ್ಲೇ ಪಕ್ಕದ ಉಣಕಲ್‌ನಲ್ಲಿದೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ದಾಟಿಯೇ ಹೋಗುತ್ತೇವೆ. ಗುರುವನ್ನು ತಂದೆ ಎಂದುಕೊಂಡರೆ, ಗುರುವಿನ ಗುರುಭಗಿನಿ ರೋಶನ್ ಆರಾ ಗಂಗೂಬಾಯಿಗೆ ಅತ್ತಿ ಆಗಬೇಕು. ಅತ್ತಿಯೇ ವಯಸ್ಸಿನಲ್ಲಿ ಸಣ್ಣಾಕಿ. ನಮ್ಮ ಕಡೆ ದೊಡ್ಡ ಮನೆತನಗಳಲ್ಲಿ ಇದೇನು ಹೊಸದಲ್ಲ.

ಹಾಗಾದರೆ ಅತ್ತಿಯ ಹಾಡು ಪರದೇಶದ್ದು, ಸೊಸಿಯ ಹಾಡು ಸ್ವದೇಶದ್ದು. ಘರಾಣೆ ಮಾತ್ರ ಒಂದೇ, ಕಿರಾಣಾ. ಅದರ ಊರು ಕೈರಾನಾ ಇರುವುದು ಉತ್ತರ ಪ್ರದೇಶದಲ್ಲಿ.

*

ಗಾಯಕ ಬಡೇ ಗುಲಾಂ ಅಲಿ ಖಾನರದು ರೋಶನ್ ಆರಾ ಕಥೆಯ ಉಲ್ಟಾ. ಅವರ ಊರು ಕಸೂರ್, ಅದು ಪಾಕಿಸ್ತಾನಕ್ಕೆ ಹೋಯಿತು. ಅವರು ಮಾತ್ರ ಅಲ್ಲಿ ನಿಲ್ಲದೆ, ಮೊರಾರ್ಜಿ ದೇಸಾಯಿಯವರ ಸಹಾಯದಿಂದ ಐವತ್ತರ ದಶಕದ ಕೊನೆಗೆ ಭಾರತದ ಪೌರರಾದರು. 1968ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಪೌರತ್ವದ ಕಾಗದ ಕೈಗೆ ಬಂದ ದಿನ ಮುಂಜಾನೆ ಹಾಡಿದ್ದು ಯಾರದು, ಸಂಜಿಕೆ ಹಾಡಿದ್ದು ಯಾರದು? ಇದನ್ನು ಎದುರುಮನೆ ಕಾಕಾ ಅವರಿಗೆ ಕೇಳಿದೆ. ‘ನಿಮಗ ಬ್ಯಾರೆ ಕೆಲಸ ಇಲ್ಲೇನ್ರಿ?’ ಅಂದರು. ನ್ಯಾಯವಾದ ಮಾತು.

*

ಗುಲಾಂ ಅಲಿ (ಗಜಲ್ ಹಾಡುವ ಇನ್ನೊಬ್ಬರು, ಪಾಕಿಸ್ತಾನದವರು) 2015ರ ಏಪ್ರಿಲ್‌ನಲ್ಲಿ ವಾರಾಣಸಿಯ ಸಂಕಟಮೋಚನ ಹನುಮಂತ ದೇವರ ಗುಡಿಯಲ್ಲಿ ಹಾಡಿದರು. ಅಕ್ಟೋಬರ್‌ನಲ್ಲಿ, ಜಗಜೀತ್ ಸಿಂಗ್ ಸ್ಮರಣೆಗೆಂದು ಇಟ್ಟಿದ್ದ ಮುಂಬಯಿಯ ಕಾರ್ಯಕ್ರಮ ಶಿವಸೇನೆಯ ವಿರೋಧದಿಂದ ರದ್ದಾಯಿತು. ಮುಂದಿನ ಜನವರಿಯಲ್ಲಿ ಕೋಲ್ಕತ್ತದಲ್ಲಿ ಮತ್ತೆ ಹಾಡಿದರು. ಬಾಗಿಲು ಮುಚ್ಚಿದ್ದು ದೇಶವೋ, ಒಂದು ಊರೋ?

*

ಇಷ್ಟಕ್ಕೂ ಪಾಕಿಸ್ತಾನದ ಕಲಾವಿದರಿಗೆ ಮೊದಲು ನಿಷೇಧ ಹಾಕಿದವರು ಯಾರು ಎಂದು ಹುಡುಕಿದೆ. 2016ರಲ್ಲಿ ಉರಿ ದಾಳಿಯ ನಂತರ ಹಾಕಿದ್ದು ಮುಂಬಯಿಯ ನಿರ್ಮಾಪಕರ ಸಂಘ. 2019ರಲ್ಲಿ ಪುಲ್ವಾಮಾ ನಂತರ ಹಾಕಿದ್ದು ಸಿನಿಮಾ ಕೆಲಸಗಾರರ ಸಂಘ. ಸರ್ಕಾರವೇ ನಿಷೇಧಿಸಲಿ ಎಂದು ಒಬ್ಬರು ಕೋರ್ಟಿಗೆ ಹೋದರು. 2023ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅರ್ಜಿ ವಜಾ ಮಾಡಿತು, ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಇಷ್ಟು ಸಣ್ಣ ಮನಸ್ಸು ಬೇಡ ಎಂಬರ್ಥದ ಮಾತು ಹೇಳಿ ಕಳಿಸಿತು. ಅಂದರೆ ಕೋರ್ಟಿನ ಪ್ರಕಾರ ಬರಬಹುದಿತ್ತು, ಸಂಘದ ಪ್ರಕಾರ ಬರುವಂತಿರಲಿಲ್ಲ. ಕರೆಸಿ ಹಾಡಿಸಲು ದುಡ್ಡು ಹಾಕುವವನು ಯಾರ ಮಾತು ಕೇಳುತ್ತಾನೆಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮವರು ಅಲ್ಲಿಗೆ ಹೋಗಿ ಹಾಡಿದರೂ ಬಿಡುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮೀಕಾ ಸಿಂಗ್ ಕರಾಚಿಯ ಮದುವೆ ಸಮಾರಂಭವೊಂದರಲ್ಲಿ ಹಾಡಿ ಬಂದರು. ಅವರನ್ನು ನಿಷೇಧಿಸಿದ್ದು ಪರದೇಶವಲ್ಲ, ಇಲ್ಲಿಯ ಸಂಘಗಳು! ಕ್ಷಮೆ ಕೇಳಿದ ಮೇಲೆ ಅದೇ ತಿಂಗಳು ಬಿಟ್ಟುಬಿಟ್ಟರು.

*

ಆ ಕಡೆಯವರೇನು ಕಡಿಮೆ ಇಲ್ಲ. 2025ರ ಮೇ 1ರಿಂದ ಪಾಕಿಸ್ತಾನದ ಎಫ್ಎಂ ಕೇಂದ್ರಗಳು ಭಾರತೀಯ ಹಾಡುಗಳನ್ನು ನಿಲ್ಲಿಸಿದವು. ಹಾಗೆ ನಿಂತವರಲ್ಲಿ ಮೊಹಮ್ಮದ್ ರಫಿ ಇದ್ದಾರೆ. ರಫಿ ಬೆಳೆದದ್ದು, ಮೊದಲು ರೇಡಿಯೋದಲ್ಲಿ ಹಾಡಿದ್ದು ಲಾಹೋರಿನಲ್ಲಿ.

ನಮ್ಮಲ್ಲಿ ಅದೇ ಮೇ ತಿಂಗಳು ‘ರಯೀಸ್’ ಚಿತ್ರದ ‘ಜಾಲಿಮಾ’ ಹಾಡಿನ ಪೋಸ್ಟರಿನಿಂದ ಪಾಕಿಸ್ತಾನದ ನಟಿ ಮಾಹಿರಾ ಖಾನ್ ಮಾಯವಾದರು, ಶಾರುಖ್ ಒಬ್ಬರೇ ಉಳಿದರು. ಆ ಹಾಡು ಹಾಡಿದ ಅರಿಜಿತ್, ಹರ್ಷದೀಪ್ ಇಬ್ಬರೂ ನಮ್ಮವರೇ. ಹಾಡು ಇದೆ, ಮುಖ ಇಲ್ಲ.

*

ಒಂದು ನಿಷೇಧ ಮಾತ್ರ ನನಗೆ ಪೂರ್ತಿ ತಿಳಿದಿದೆ. ಆಕಾಶವಾಣಿ 1940ರಲ್ಲಿ ಪೇಟಿಯನ್ನು, ಅಂದರೆ ಹಾರ್ಮೋನಿಯಂ ಅನ್ನು, ಹೊರಗೆ ಹಾಕಿತು. ಯುರೋಪಿನಿಂದ ಬಂದದ್ದು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಶ್ರುತಿ ಕೂಡುವುದಿಲ್ಲ ಎಂದು ಕಾರಣ ಹೇಳಿತು. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಲೂ ಪೇಟಿಗೆ ಪ್ರವೇಶವಿರಲಿಲ್ಲ. ಬಾಗಿಲು ಸ್ವಲ್ಪ ತೆರೆದದ್ದು 1971ರಲ್ಲಿ. ಅಷ್ಟೂ ವರ್ಷ ಬೆಳಗಾವಿಯ ಆರ್.ಕೆ. ಬಿಜಾಪುರೆಯವರಂಥ ಪೇಟಿ ಮಾಸ್ತರರು ಹೊರಗಿನ ಮೈಫಿಲ್‌ಗಳಲ್ಲಿ ಸಾಥ್ ಕೊಡುತ್ತಲೇ ಇದ್ದರು. ಕಾರಣ ಸರಿಯೋ ತಪ್ಪೋ, ಸಂಗೀತದ ಕಾರಣವಾಗಿತ್ತು. ಅದರ ಮೇಲೆ ಜಗಳಾಡಲು ಬರುತ್ತಿತ್ತು.

*

ಪರದೇಶವೇ ಬೇಕೆಂದಿಲ್ಲ. ಅದೇ 2025ರ ಮೇನಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಗಾಯಕ ಸೋನು ನಿಗಮ್ ಅವರಿಗೆ ಅಸಹಕಾರ ಘೋಷಿಸಿತು. ಬೆಂಗಳೂರಿನ ಕಾರ್ಯಕ್ರಮದಲ್ಲಿ ಕನ್ನಡ ಹಾಡು ಕೇಳಿದ ಹುಡುಗನಿಗೆ ಪಹಲ್ಗಾಮ್ ಎತ್ತಿ ಮಾತಾಡಿದ್ದಕ್ಕೆ. ಮಾತು ನನಗೂ ಕೆಟ್ಟೆನಿಸಿತ್ತು. ಆರ್ಕೆಸ್ಟ್ರಾದಲ್ಲಿ ಹಾಡುವ ನಮ್ಮ ಓಣಿಯ ಹುಡುಗನನ್ನು ಕೇಳಿದೆ, ‘ಇನ್ನ ಮ್ಯಾಲೆ ಸೋನು ಅವರ ಅನಿಸುತಿದೆ ಹಾಡಂಗಿಲ್ಲೇನಪಾ?’

‘ಬ್ಯಾನ್ ಆಗಿದ್ದು ಅವರಿಗ್ರಿ ಸರ, ನನಗಲ್ಲ. ಮದವಿ ಮನಿಯವರು ಅಡ್ವಾನ್ಸ್ ಕೊಡೋವಾಗನ ಆ ಹಾಡು ಬರಸ್ಯಾರ್ರಿ.’