ಕೈಗೆ ಬಂದದ್ದು ಪುಟಕ್ಕೆ ಬರಲಿಲ್ಲ

ನಮ್ಮ ಮಾಸಪತ್ರಿಕೆಯ ಅಕ್ಷರ ಜೋಡಣೆ ಪ್ರೆಸ್ಸಿನಿಂದ ನಮ್ಮ ಮೇಜಿಗೇ ಬಂದು ಬಹಳ ವರ್ಷಗಳಾದವು. ಮೊಳೆ ಜೋಡಿಸುವವರಿದ್ದ ಕಾಲದಲ್ಲಿ ತಪ್ಪಾದರೆ ಬಯ್ಯಲು ಒಬ್ಬರು ಸಿಗುತ್ತಿದ್ದರು. ಈಗ ಬಯ್ಯುವವರೂ ನಾವೇ, ಬಯ್ಸಿಕೊಳ್ಳುವವರೂ ನಾವೇ. ಸಂಘದ ಕೋಣೆಯ ಕಂಪ್ಯೂಟರು ಮುದಿಯಾಗಿದೆ. ಹೊಸದು ಬೇಕೆಂದರೆ ಖಜಾಂಚಿಗಳು ಗೋಡೆಯ ಕ್ಯಾಲೆಂಡರು ನೋಡಲು ತೊಡಗುತ್ತಾರೆ. ಕಡೆಗೆ ಅವರ ಮಗಳೇ ಒಂದು ಭಾನುವಾರ ಬಂದು ಅದಕ್ಕೆ ಲಿನಕ್ಸ್ ಹಾಕಿ, ಹಳೆಯ ಯಂತ್ರಕ್ಕೆ ಭಾರವಾಗದಂಥ ಹಗುರ ಡೆಸ್ಕ್‌ಟಾಪ್ ಒಂದನ್ನು ಅಣಿಗೊಳಿಸಿ ಕೊಟ್ಟಳು. ಕಾಸಿನ ಖರ್ಚಿಲ್ಲ. ಖಜಾಂಚಿಗಳು ಅಂದು ಎಲ್ಲರಿಗೂ ಚಹಾ ತರಿಸಿದರು.

ಈ ಸಂಗತಿ ನಡೆದದ್ದು ಕಳೆದ ಮಳೆಗಾಲದಲ್ಲಿ. ನಮ್ಮ ಸಂಘದ ಹಿರಿಯರೊಬ್ಬರಿದ್ದಾರೆ, ವಯಸ್ಸು ತೊಂಬತ್ತರ ಹತ್ತಿರ. ಹುಡುಗನಾಗಿದ್ದಾಗ ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕೋಟೆ ಭಾಗದ ಕನ್ನಡ ಶಾಲೆಯಲ್ಲಿ ಓದಿದವರು. ಆ ನೆನಪುಗಳನ್ನು ಕೊಡಿ ಎಂದು ಮೂರು ವರ್ಷ ಕಾಡಿದ್ದೆವು. ಕೈ ನಡುಗುತ್ತದೆ, ಬರೆಯಲಾರರು. ಒಂದು ಸಂಜೆ ಮೊಮ್ಮಗನ ತೋಳು ಹಿಡಿದು ತಾವೇ ಬಂದು ಕುಳಿತರು. ಅವರು ಹೇಳುತ್ತ ಹೋದರು, ನಾವು ಬೆರಳಚ್ಚಿಸುತ್ತ ಹೋದೆವು. ಎರಡು ಗಂಟೆ. ಕೊನೆಯ ಬೆಂಚಿನಲ್ಲಿ ತಮ್ಮೊಡನೆ ತೂಕಡಿಸುತ್ತಿದ್ದ ಐವರು ಹುಡುಗರ ಹೆಸರು, ಊರು, ಯಾರು ಯಾವ ಹೋಟೆಲಿನವನು ಎಂಬುದನ್ನೂ ಹೇಳಿದರು.

ಅವರು ಹೋದ ಮೇಲೆ ಬರೆದುದೆಲ್ಲವನ್ನೂ ಪತ್ರಿಕೆಯ ಪುಟಕ್ಕೆ ಸಾಗಿಸಬೇಕಿತ್ತು. ಟಿಪ್ಪಣಿಯ ಕಿಟಕಿಯಲ್ಲಿ ಎಲ್ಲವನ್ನೂ ಗುರುತಿಸಿ, ಕಂಟ್ರೋಲ್ ಎಕ್ಸ್ ಒತ್ತಿ ಕತ್ತರಿಸಿದೆವು. ಕಿಟಕಿ ಮುಚ್ಚಹೋದಾಗ, ಉಳಿಸಬೇಕೇ ಎಂದು ಅದು ಕೇಳಿತು. ಬೇಡವೆಂದೆವು. ಖಾಲಿ ಹಾಳೆಯನ್ನು ಉಳಿಸಿ ಏನು ಮಾಡುವುದು? ಪುಟ ತೆರೆದು ಕಂಟ್ರೋಲ್ ವಿ ಒತ್ತಿದೆವು. ಏನೂ ಬರಲಿಲ್ಲ. ಮತ್ತೆ ಒತ್ತಿದೆವು. ಹನ್ನೆರಡು ಸಲವಾದರೂ ಒತ್ತಿರಬೇಕು.

ಖಜಾಂಚಿಗಳ ಮಗಳಿಗೆ ಫೋನು ಮಾಡಿದೆವು. "ಅಂಕಲ್, ಕಿಟಕಿ ಮುಚ್ಚಿದಿರಾ?" ಎಂಬುದೇ ಅವಳ ಮೊದಲ ಪ್ರಶ್ನೆ. ಆಮೇಲೆ ಅವಳು ಬಿಡಿಸಿ ಹೇಳಿದ್ದು ಇಷ್ಟು. ಕತ್ತರಿಸಿದ್ದೆಲ್ಲ ಕ್ಲಿಪ್‌ಬೋರ್ಡ್ ಎಂಬ ಪೆಟ್ಟಿಗೆಗೆ ಹೋಗಿ ಬೀಳುತ್ತದೆಂದು ನಾವು ನಂಬಿದ್ದೆವಲ್ಲ, ಇಲ್ಲಿ ಅಂಥ ಪೆಟ್ಟಿಗೆಯೇ ಇಲ್ಲ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ, ಕಂಟ್ರೋಲ್ ಸಿ ಒತ್ತಿದಾಗ ಒಂದಕ್ಷರವೂ ಕದಲುವುದಿಲ್ಲ. "ಇದರ ಒಡೆಯ ನಾನು, ಬೇಕಾದವರು ಕೇಳಿ" ಎಂದು ಆ ತಂತ್ರಾಂಶ ಸಾರುತ್ತದೆ, ಅಷ್ಟೆ. ಅಂಟಿಸುವಾಗ ಎರಡನೆಯ ತಂತ್ರಾಂಶ ಒಡೆಯನನ್ನು ಹುಡುಕಿಕೊಂಡು ಬಂದು, ಯಾವ ಯಾವ ರೂಪದಲ್ಲಿ ಕೊಡಬಲ್ಲೆ ಎಂದು ಕೇಳುತ್ತದೆ: ಬರಿಯ ಅಕ್ಷರವೇ, ಅಲಂಕಾರ ಸಹಿತವೇ, ಚಿತ್ರವೇ? ಆಗಷ್ಟೇ ಮಾಲು ಕೈ ಬದಲಾಗುವುದು. ದೊಡ್ಡದಾದರೆ ಕಂತು ಕಂತಾಗಿ. ಹಿಂದಿನ ವ್ಯಾಪಾರಿಗಳ ಹುಂಡಿಯಂತೆ. ನಾವು ಹುಂಡಿ ಹಿಡಿದು ಹೋಗುವಷ್ಟರಲ್ಲಿ ಅಂಗಡಿಗೇ ಬೀಗ ಬಿದ್ದಿತ್ತು. ಬೀಗ ಹಾಕಿದವರೂ ನಾವೇ.

ಇಂಥ ಹುಂಡಿಗಳು ಎರಡಿವೆಯೆಂದೂ ಆಗಲೇ ತಿಳಿಯಿತು. ಕಂಟ್ರೋಲ್ ಸಿಯದು ಒಂದು. ಇನ್ನೊಂದರ ಹೆಸರು ಪ್ರೈಮರಿ. ಮೌಸಿನಿಂದ ಪದವನ್ನು ಗುರುತಿಸಿದರೆ ಸಾಕು, ಬೇರೇನೂ ಒತ್ತಬೇಕಿಲ್ಲ. ಬೇಕಾದಲ್ಲಿ ನಡುವಿನ ಗುಂಡಿ ಒತ್ತಿದರೆ ಅದು ಅಲ್ಲಿ ಬಂದು ಕೂರುತ್ತದೆ. ಬಹಳ ಸೊಗಸು. ಆದರೆ ನಾವು ಸರಿಯಾದ ಪದವನ್ನು ಗುರುತಿಸಿ, ತಪ್ಪು ಪದದ ಜಾಗಕ್ಕೆ ಹಾಕೋಣವೆಂದು ಅದನ್ನೂ ಗುರುತಿಸಿ ಗುಂಡಿ ಒತ್ತಿದರೆ, ತಪ್ಪು ಪದವೇ ಬರುತ್ತಿತ್ತು! ಎರಡನೆಯದನ್ನು ಗುರುತಿಸಿದ ಕೂಡಲೇ ಒಡೆತನ ಅದಕ್ಕೆ ಹೋಗಿರುತ್ತದಂತೆ. ವಾರಗಟ್ಟಲೆ ನಾವು ಮೌಸನ್ನು ಶಪಿಸಿದ್ದೆವು.

ಪರಿಹಾರ ಇಲ್ಲದಿಲ್ಲ. ಒಡೆಯ ಹೋಗುವ ಮುನ್ನ ಮಾಲನ್ನು ಇಸಿದುಕೊಂಡು ಕಾಪಾಡುವ ಕ್ಲಿಪ್‌ಬೋರ್ಡ್ ಮ್ಯಾನೇಜರ್ ಎಂಬ ಮೇಸ್ತ್ರಿಯನ್ನು ಇಟ್ಟುಕೊಳ್ಳಬಹುದು. ಕೆಡಿಇ ಎಂಬ ದೊಡ್ಡ ಡೆಸ್ಕ್‌ಟಾಪಿನಲ್ಲಿ ಕ್ಲಿಪ್ಪರ್ ಎಂಬ ಹೆಸರಿನಲ್ಲಿ ಅವನು ಜೊತೆಗೇ ಬರುತ್ತಾನೆ. ನಮ್ಮ ಹಗುರದ್ದರಲ್ಲಿ ಭಾರ ಇಳಿಸುವ ಭರದಲ್ಲಿ ಅವನನ್ನೂ ಇಳಿಸಲಾಗಿತ್ತು. ಎಕ್ಸ್‌ನ ಜಾಗಕ್ಕೆ ಬಂದಿರುವ ವೇಲ್ಯಾಂಡ್‌ನಲ್ಲೂ ಕೊಡುವವನು ಕೊಟ್ಟರೆ ಮಾತ್ರ ಕೊಳ್ಳುವವನಿಗೆ ಸಿಗುವುದು. ಈಗ ನಮ್ಮಲ್ಲೂ ಮೇಸ್ತ್ರಿ ಇದ್ದಾನೆ. ಕತ್ತರಿಸುವ ಮೊದಲು ಉಳಿಸುವ ಅಭ್ಯಾಸವೂ ಆಗಿದೆ.

ಹಿರಿಯರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆವು. ಅವರು ಬೇಸರಿಸಲಿಲ್ಲ. "ಅದಕ್ಕೇನು ಮಾರಾಯ್ರೆ, ಇನ್ನೊಮ್ಮೆ ಹೇಳಿದರಾಯಿತು" ಎಂದು ಮತ್ತೆ ಮೊದಲಿನಿಂದ ಶುರು ಮಾಡಿದರು. ಹೋಟೆಲು ಬಂತು, ಮೇಷ್ಟರು ಬಂದರು, ಕೊನೆಯ ಬೆಂಚೂ ಬಂತು. ಹೆಸರುಗಳು ಮಾತ್ರ ಮೂರೇ ಬಂದವು. ಮಿಕ್ಕ ಇಬ್ಬರಿಗಾಗಿ ಅವರು ಬಹಳ ಹೊತ್ತು ಕಿಟಕಿಯ ಕಡೆ ನೋಡಿದರು. "ಆ ದಿನ ಹೇಳಿದ್ದೆನಲ್ಲ, ನಿಮಗೆ ನೆನಪಿಲ್ಲವಾ?" ಎಂದರು. ನಮಗೆ ನೆನಪಿರಲಿಲ್ಲ. ಬೆರಳು ಬರೆಯುತ್ತಿದ್ದುದರಿಂದ ಕಿವಿ ಹಿಡಿದಿಟ್ಟುಕೊಂಡಿರಲಿಲ್ಲ.

ಅವರ ಲೇಖನ ಈ ಸಂಚಿಕೆಯಲ್ಲೇ ಇದೆ, ಮೂರು ಹೆಸರುಗಳೊಡನೆ. 1950ರ ದಶಕದಲ್ಲಿ ಕೋಟೆಯ ರಾತ್ರಿ ಶಾಲೆಗಳಲ್ಲಿ ಓದಿದವರೋ ಅವರ ಮನೆಯವರೋ ಇದನ್ನು ಓದುತ್ತಿದ್ದರೆ, ಆ ಬೆಂಚಿನಲ್ಲಿ ಇನ್ನಾರು ಕೂರುತ್ತಿದ್ದರೆಂಬುದನ್ನು ದಯವಿಟ್ಟು ತಿಳಿಸಬೇಕು. ಕಾಗದದಲ್ಲಿ ಬರೆದು ಕಳುಹಿಸಿದರೆ ಇನ್ನೂ ಒಳ್ಳೆಯದು.