ರಿಪೋರ್ಟ್ ನಾರ್ಮಲ್, ನೋವು ಹಾಗೇ ಇದೆ

ಇವತ್ತೂ ರಿಪೋರ್ಟ್ ಬಂತು. ನಾರ್ಮಲ್. "ಸದ್ಯ, ಏನೂ ಇಲ್ವಲ್ಲ" ಅಂತ ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಎಂಟು ತಿಂಗಳಾಯ್ತು, ಬೆಳಗ್ಗೆ ಗೋಡೆ ಹಿಡಿದುಕೊಂಡೇ ಏಳುವುದು. ಒಂದು ದಿನ ಭುಜ, ಇನ್ನೊಂದು ದಿನ ಸೊಂಟ. ಒದ್ದೆ ಬಟ್ಟೆ ಹಿಂಡುವಾಗ ಮಣಿಕಟ್ಟಿನಿಂದ ಮೊಳಕೈವರೆಗೆ ಉರಿ ಹತ್ತುತ್ತದೆ, ಬಟ್ಟೆ ಕೈಯಿಂದ ಜಾರುತ್ತದೆ. ಎಲ್ಲಿ ನೋವು ಅಂತ ಡಾಕ್ಟರ್ ಕೇಳಿದರೆ ಬೆರಳಿಟ್ಟು ತೋರಿಸೋಕೆ ಆಗಲ್ಲ.

ಪರೀಕ್ಷೆಯಲ್ಲಿ ಕಾಣಲಿಲ್ಲ ಅಂದರೆ ಕಾಯಿಲೆಯೇ ಇಲ್ಲ ಅಂತಲ್ಲ. ಫೈಬ್ರೊಮಯಾಲ್ಜಿಯಾವನ್ನು ಖಚಿತಪಡಿಸುವ ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಎಂಡೊಮೆಟ್ರಿಯೋಸಿಸ್ ಇದ್ದರೂ ಅಲ್ಟ್ರಾಸೌಂಡ್ ನಾರ್ಮಲ್ ಬರಬಹುದು. ನನ್ನದು ಯಾವುದೋ, ಇನ್ನೂ ಹೆಸರು ಸಿಕ್ಕಿಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದೂ ಸೇರಿಸಿತು. ಅದನ್ನು ಓದಿದ ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು.

ಈಗ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ನೋವಿನ ಲೆಕ್ಕವನ್ನೂ ಬರೆಯುತ್ತೇನೆ: ಹತ್ತಕ್ಕೆ ಎಷ್ಟು, ಎಷ್ಟು ಹೊತ್ತು ಇತ್ತು, ರಾತ್ರಿ ಎಷ್ಟು ಗಂಟೆ ನಿದ್ದೆ. ಡಾಕ್ಟರ್ ಮುಂದೆ ನನ್ನ ಬಾಯಿ ಕಟ್ಟಿದರೂ ಆ ಹಾಳೆ ತೋರಿಸಬಹುದು.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕಾಯುತ್ತಿದ್ದರೆ "ಎಲ್ಲಾ ಮನಸ್ಸಿನದು" ಅನ್ನಬೇಡಿ. ಇವತ್ತು ಹೇಗಿದೆ ಅಂತ ಕೇಳಿ. ಆ ಒದ್ದೆ ಬಟ್ಟೆ ನೀವು ಹಿಂಡಿಕೊಡಿ.